ಮುಂದಿನ ತಾರೀಖು

“ವಕೀಲ್ರ, ಫರ್ಹತ ಬಾಜೂಕ ಇಲ್ಲಲ್ರಿ?”

ಫರ್ಹತಳ ಅಣ್ಣ ಮಜೀದ ಊರಿನಿಂದ ಫೋನು ಹಚ್ಚಿ ಇಷ್ಟು ಕೇಳಿದೊಡನೆ ಶಂಭುಲಿಂಗನಿಗೆ ಇದು ಕೆಟ್ಟ ಸುದ್ದಿಯೇ ಎಂದು ಗೊತ್ತಾಗಿಹೋಯಿತು. ಶಿಗ್ಗಾವಿಯ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡೇ ತಲೆ ನೆರೆಸಿದವನು, ಮನುಷ್ಯರು ಯಾವಾಗ ದನಿ ತಗ್ಗಿಸುತ್ತಾರೆಂಬುದು ಅವನಿಗೆ ತಿಳಿಯದ್ದಲ್ಲ. ಬಾಯಿಂದ ಬ್ರಶ್ಶು ತೆಗೆದು, ಟವೆಲ್ಲನ್ನು ಹೆಗಲಿಗೇರಿಸಿಕೊಂಡು, ತಾನು ಇಳಿದುಕೊಂಡಿದ್ದ ಮನೆಯ ಹಿತ್ತಲಿಗೆ ಬಂದ. ಡೆನ್ಮಾರ್ಕಿನ ಆ ಸಣ್ಣ ಊರಿನಲ್ಲಿ ಹೊತ್ತು ಆಗಲೇ ಏರಿತ್ತು, ಆದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

“ಇಲ್ಲೋ, ಅಕಿ ಬ್ಯಾರೆ ಮನ್ಯಾಗ ಇಳದಾಳ. ಏನಾತು ಹೇಳು.”

“ಅಮ್ಮಿ ಹೋದ್ಲರಿ.”

ಮಜೀದ ಅಳಲಿಲ್ಲ. ನಸುಕಿನ ನಮಾಜಿಗೆ ಎದ್ದ ತಾಯಿ ಎದೆ ಹಿಡಿದುಕೊಂಡು ಕುಳಿತದ್ದು, ಹಾವೇರಿಗೆ ಒಯ್ಯೋಣವೆಂದು ಗಾಡಿ ತರುವಷ್ಟರಲ್ಲಿ ಎಲ್ಲ ಮುಗಿದದ್ದು, ಇದನ್ನೆಲ್ಲ ಬೇರೆ ಯಾರದೋ ಮನೆಯ ಮಾತಿನಂತೆ ಹೇಳಿದ. ಆಮೇಲೆ ಅಸಲು ಮಾತಿಗೆ ಬಂದ.

“ತಂಗಿಗೆ ಹೇಳಬ್ಯಾಡ್ರಿ. ಮಧ್ಯಾಹ್ನದ ನಮಾಜ್ ಆದಮ್ಯಾಲ ಮಣ್ಣು ಕೊಡ್ತೇವಿ. ಅಕಿ ಈಗಿಂದೀಗ ವಿಮಾನ ಹತ್ತಿದ್ರೂ ಮುಖ ಸಿಗೂದಿಲ್ಲ. ಅಕಿನ್ನ ಕಳಸಾಕ ಅಮ್ಮಿ ಮನಿ ಮಂದಿ ಕೂಡ ಎಷ್ಟ ಜಗಳ ತಗದ್ಲು ನಿಮಗೂ ಗೊತ್ತೈತಿ. ಅರ್ಧಕ್ಕ ತಿರಗಿ ಬಂದ್ರ ಮಂದಿ ಏನಂತಾರ? ಹುಡುಗಿ ದೇಶ ದಾಟಿದ್ದಕ್ಕ ತಾಯಿ ಎದಿ ಒಡಕೊಂಡ್ಲು ಅಂತಾರ. ಬಂದಮ್ಯಾಲ ನಾವ ಕುಂದ್ರಿಸಿ ಹೇಳ್ತೇವಿ. ಅಲ್ಲೀತನಕ ನೀವ ಸಂಭಾಳಿಸ್ರಿ.”

“ಆತು,” ಎಂದ ಶಂಭುಲಿಂಗ.

ಆ ‘ಆತು’ ಅವನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಫೋನಿಟ್ಟ ಮೇಲೆ ಅವನಿಗೇ ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಒಂದೇ ಗಳಿಗೆ. ಶಂಭುಲಿಂಗನ ವಕೀಲಿಯೆಲ್ಲ ನಡೆದದ್ದು ತಾರೀಖಿನ ಮೇಲೆ. ಸಾಕ್ಷಿ ಬಂದಿಲ್ಲ, ಕಕ್ಷಿದಾರನಿಗೆ ಜ್ವರ, ಕಾಗದ ಸಿಕ್ಕಿಲ್ಲ ಎಂದು ಏನಾದರೊಂದು ಹೇಳಿ ಮುಂದಿನ ತಾರೀಖು ಇಸಿದುಕೊಂಡು ಬರುವುದರಲ್ಲಿ ಅವನನ್ನು ಮೀರಿಸುವವರು ಆ ತಾಲೂಕಿನಲ್ಲಿ ಇರಲಿಲ್ಲ. ಎಷ್ಟೋ ವ್ಯಾಜ್ಯಗಳು ಹೀಗೆ ಮುಂದೂಡಿ ಮುಂದೂಡಿ ತಾವಾಗಿಯೇ ತಣ್ಣಗಾಗಿದ್ದವು. ಇದೂ ಹಾಗೆಯೇ ಊರು ಮುಟ್ಟುವತನಕ ನಡೆದುಹೋದರೆ ಸಾಕೆಂದು ಅವನು ಲೆಕ್ಕ ಹಾಕಿದ.

ಲೆಕ್ಕದಲ್ಲಿ ಸ್ವಂತದ್ದೂ ಒಂದಿಷ್ಟಿತ್ತು, ಅದನ್ನೇಕೆ ಮುಚ್ಚಿಡಬೇಕು. ಊರ ಕಡೆಯ ಒಂದು ಸೇವಾ ಕ್ಲಬ್ಬು ನಾಲ್ಕು ತಾಲೂಕುಗಳಿಂದ ಒಬ್ಬೊಬ್ಬ ವೃತ್ತಿವಂತರನ್ನು ಆರಿಸಿ, ತಿಂಗಳ ಮಟ್ಟಿಗೆ ಈ ದೇಶಕ್ಕೆ ಕಳಿಸಿತ್ತು. ಹಗಲು ತಮ್ಮ ತಮ್ಮ ಕಸುಬು ಇಲ್ಲಿ ಹೇಗೆ ನಡೆಯುತ್ತದೆಂದು ನೋಡಬೇಕು, ಸಂಜೆ ಇಲ್ಲಿಯವರ ಕ್ಲಬ್ಬಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ನಮ್ಮ ಸೀಮೆಯ ಪರಿಚಯ ಮಾಡಿಕೊಡಬೇಕು. ಹಾನಗಲ್ಲಿನ ದನದ ಡಾಕ್ಟರು ಚನ್ನೇಶ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಬೆವರುತ್ತಿದ್ದ. ಹಿರೇಕೆರೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನೀಲಾಂಬಿಕಾ ಅಬಲೂರಿನ ಶಾಸನಗಳನ್ನು ತೋರಿಸತೊಡಗಿದರೆ ಮುಂದಿನ ಸಾಲಿನ ಮುದುಕರು ತೂಕಡಿಸುತ್ತಿದ್ದರು. ಜನ ನೆಟ್ಟಗೆ ಕೂತು ಕೇಳುತ್ತಿದ್ದದ್ದು ಸವಣೂರಿನ ಫರ್ಹತಳ ಮಾತನ್ನು ಮಾತ್ರ. ಲಕವಾ ಹೊಡೆದವರನ್ನು, ಕಾಲು ಮುರಿದವರನ್ನು ಮತ್ತೆ ಎದ್ದು ನಡೆಸುವ ಫಿಜಿಯೋಥೆರಪಿಸ್ಟ್ ಅವಳು. ನಗುನಗುತ್ತ ಮಾತಾಡಿ ಎಂಥವರನ್ನೂ ಎಬ್ಬಿಸಿಬಿಡುತ್ತಿದ್ದಳು. ಅವಳು ಹೊರಟುಹೋದರೆ ತಂಡದ ಮರ್ಯಾದೆ ಮೂರಾಬಟ್ಟೆ, ತಂಡದ ಮುಖ್ಯಸ್ಥನೆಂದು ಬಂದ ಶಂಭುಲಿಂಗನದೂ.

ಅವತ್ತು ಮುಂಜಾನೆ ಇಲ್ಲಿಯವರು ನಾಲ್ವರನ್ನೂ ಬೋಟಿನಲ್ಲಿ ತಿರುಗಾಡಿಸಿ ತಂದರು, ಸಂಜೆ ಕ್ಲಬ್ಬಿನಲ್ಲಿ ಎಂದಿನಂತೆ ಅವಳ ಸರದಿ ಬಂತು. ಚಿತ್ರ ಬದಲಿಸುವ ಕೆಲಸ ಶಂಭುಲಿಂಗನದು. ನವಾಬರ ಕಾಲದ ಕಟ್ಟಡ ಹೋಯಿತು, ಯಲವಿಗಿಯ ಸ್ಟೇಶನ್ನು ಹೋಯಿತು, ಆಮೇಲೆ ಪರದೆಯ ತುಂಬ ಹಾಜರಾಬಿ ಬಂದು ಕುಳಿತಳು. ಮಡಿಲಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ವೀಳ್ಯದೆಲೆ, ಕೈಯಲ್ಲಿ ಅರ್ಧ ಕಟ್ಟಿದ ಎಲೆಯ ಕವಳಿ.

ಇವಳು ನನ್ನ ತಾಯಿ, ಎಲೆ ಮಾರಾಟ ನಮ್ಮ ಮನೆಯ ಕಸುಬು, ಎಂದಳು ಫರ್ಹತ ಇಂಗ್ಲಿಷಿನಲ್ಲಿ. ಎಲೆ ಎಣಿಸುತ್ತಿರುವಾಗ ಇವಳನ್ನು ಯಾರೂ ಮಾತಾಡಿಸುವಂತಿಲ್ಲ, ಲೆಕ್ಕ ತಪ್ಪಿದರೆ ಎದುರಿಗಿದ್ದವರಿಗೆ ಬೈಗುಳ. ನಾನು ಇಲ್ಲಿಗೆ ಬರುವುದು ಬೇಡವೆಂದು ನಮ್ಮ ಮನೆಯಲ್ಲಿ ಎಲ್ಲರೂ ಅಂದರು, ಇವಳೊಬ್ಬಳು ಎಲೆ ಎಣಿಸುವುದನ್ನು ಬಿಟ್ಟು ಎದ್ದು ನಿಂತಳು, ಅವತ್ತು ನಾನು ಗೆದ್ದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ಶಂಭುಲಿಂಗನ ಬೆರಳು ಗಡಿಬಿಡಿಯಲ್ಲಿ ಒತ್ತಿ ಮುಂದಿನ ಚಿತ್ರ ತಂದುಬಿಟ್ಟಿತು.

“ಯಾಕ್ರಿ ವಕೀಲ್ರ, ನಮ್ಮ ಅಮ್ಮಿನ್ನ ಇಷ್ಟ ಲಗೂನ ಓಡಿಸಿಬಿಟ್ರಿ,” ಎಂದು ಫರ್ಹತ ಕನ್ನಡದಲ್ಲಿ ಚೇಷ್ಟೆ ಮಾಡಿದಳು.

ಉಳಿದಿಬ್ಬರಿಗೆ ಅವನು ಮಾರನೆಯ ದಿನ ಹೇಳಿದ. ಚನ್ನೇಶ ನೆಲ ನೋಡುತ್ತ, “ದೊಡ್ಡವರು ನೀವು, ನೀವು ಹೇಳಿದಂಗ,” ಎಂದು ಜವಾಬ್ದಾರಿಯನ್ನು ಅವನ ತಲೆಗೇ ಕಟ್ಟಿದ. ನೀಲಾಂಬಿಕಾ ಫರ್ಹತಳ ಜೊತೆ ಒಂದೇ ಮನೆಯಲ್ಲಿ ಇಳಿದಿದ್ದವಳು. ಅವಳ ಮುಖ ಬಿಳಿಚಿಕೊಂಡಿತು.

“ನಾ ಅಕಿ ಬಾಜೂಕ ಮಲಗಾಕಿ. ನನ್ನ ಮುಖ ಅಕಿಗೆ ಕಾಣೂದಿಲ್ಲೇನ್ರಿ?”

“ಹೆಂಗರ ಮಾಡಿ ಸಂಭಾಳಿಸವ್ವ. ಅಕಿ ಅಣ್ಣನ ಮಾತು. ನಾವ್ಯಾರು ನಡುವ ಬರಾಕ?”

ಸಂಭಾಳಿಸುವುದೆಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಮೂವರೂ ಫರ್ಹತಳನ್ನು ಬಾಣಂತಿಯಂತೆ ನೋಡಿಕೊಳ್ಳತೊಡಗಿದರು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ, ಊಟಕ್ಕೆ ಕೂತರೆ ಮೊದಲ ತಟ್ಟೆ ಅವಳಿಗೆ. ಅವಳ ಚೀಲವನ್ನು ಚನ್ನೇಶನೇ ಹೊತ್ತ. “ಏನ್ರೀ ಇದು, ನನಗೇನರ ದೊಡ್ಡ ಬ್ಯಾನಿ ಬಂದೈತೇನು, ರಿಪೋರ್ಟ್ ನಿಮ್ಮ ಕೈಗೆ ಸಿಕ್ಕೈತೇನು?” ಎಂದು ಅವಳು ನಕ್ಕರೆ ಚನ್ನೇಶ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಿದ್ದ. ತಾಯಿಗೆ ಫೋನು ಹತ್ತುತ್ತಿಲ್ಲವೆಂದು ಅವಳು ಪೇಚಾಡಿದಾಗ, ಮೊಬೈಲು ನೀರಲ್ಲಿ ಬಿದ್ದು ಕೆಟ್ಟಿದೆಯೆಂದು ಮಜೀದ ಸುಳ್ಳು ಹೇಳಿದ್ದ. ಅವನ ಫೋನಿನಲ್ಲಾದರೂ ಮಾತಾಡಿಸೆಂದರೆ ಅಮ್ಮಿ ಹೊರಗೆ ಹೋಗಿದ್ದಾಳೆ, ಅಮ್ಮಿ ಮಲಗಿದ್ದಾಳೆ. ಅವಳು ಆ ಮಾತನ್ನು ತಂದು ಶಂಭುಲಿಂಗನ ಮುಂದಿಟ್ಟರೆ ಅವನು, “ವಯಸ್ಸಾದವರು, ನಿದ್ದಿ ಜಾಸ್ತಿ,” ಎಂದು ಒಂದು ದಿನ ಮುಂದೆ ಹಾಕಿದ. ಹಾಗೆ ಅನ್ನುವಾಗ ಅವನ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಪ್ರತಿ ಸಂಜೆ ಹೊಸ ಊರು, ಹೊಸ ಕ್ಲಬ್ಬು, ಪರದೆಯ ಮೇಲೆ ಮತ್ತದೇ ಹಾಜರಾಬಿ. ಜನ ನಗುವ ಜಾಗ, ಚಪ್ಪಾಳೆ ತಟ್ಟುವ ಜಾಗ ಶಂಭುಲಿಂಗನಿಗೆ ಬಾಯಿಪಾಠವಾಗಿಹೋಯಿತು. ಆ ಹೊತ್ತಿಗೆ ಅವನು ಲ್ಯಾಪ್‌ಟಾಪಿನ ಕೀಲಿಗಳನ್ನಷ್ಟೇ ನೋಡುತ್ತ ಕೂರುವುದನ್ನು ರೂಢಿ ಮಾಡಿಕೊಂಡ.

ಇನ್ನೇನು ಹೊರಡುವ ದಿನ ಹತ್ತಿರ ಬಂತೆನ್ನುವಾಗ, ಒಂದು ಮಧ್ಯಾಹ್ನ ಪೇಟೆಯಿಂದ ನೀಲಾಂಬಿಕಾ ಒಬ್ಬಳೇ ಬಿರಬಿರನೆ ನಡೆದು ಬಂದಳು.

“ಅಕಿ ತಾಯಿಗೆ ಶಾಲು ತಗೊಂಡ್ಲರಿ,” ಎಂದಳು. “ಹಸರೋ ಕಂದೋ ಅಂತ ನನ್ನ ಕೇಳಿದ್ಲು. ನಾ ಹಸರು ಅಂದ್ನಿ. ಸತ್ತಾಕಿಗೆ ಬಣ್ಣ ಆರಿಸಿಕೊಟ್ಟು ಬಂದೇನಿ ವಕೀಲ್ರ. ನನ್ನ ಕೈಲೆ ಇನ್ನ ಆಗೂದಿಲ್ಲ. ನೀವ ಹೇಳ್ರಿ, ಇಲ್ಲಾಂದ್ರ ನಾ ಹೇಳಾಕಿ.”

“ಇಂದೊಂದಿನ ತಡೀವಾ. ಸಂಜೀಕ ಕಡೀ ಕಾರ್ಯಕ್ರಮ. ಅದು ಮುಗದಮ್ಯಾಲ—”

“ಅಕಿ ತಾಯಿ ಸಾವಿಗೂ ತಾರೀಖ ತಗೋತೀರಲ್ರಿ.”

ಶಂಭುಲಿಂಗನಿಗೆ ಸಿಟ್ಟು ಬಂತು. ಕೋರ್ಟಿನಲ್ಲಿ ಎಂಥ ಮಾತನ್ನೂ ನುಂಗಿ ನಗುವವನಿಗೆ ಈ ಮಾತನ್ನು ನುಂಗಲಾಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು ಎದ್ದು ಹೊರಟ.

ಫರ್ಹತ ಸಮುದ್ರದ ದಂಡೆಯ ಹತ್ತಿರದ ಬೆಂಚಿನ ಮೇಲೆ ಕುಳಿತು ಕೊಂಡ ಸಾಮಾನು ಜೋಡಿಸುತ್ತಿದ್ದಳು. ಅವನನ್ನು ನೋಡಿ ಸರಿದು ಜಾಗ ಕೊಟ್ಟಳು. ನಮ್ಮ ಕಡೆ ಇಂಥ ಸುದ್ದಿ ಹೇಳುವುದಕ್ಕೆ ಒಂದು ಮೆಟ್ಟಿಲ ಕ್ರಮವಿದೆ. ಮೊದಲು ಆರಾಮಿಲ್ಲ ಅನ್ನಬೇಕು, ಆಮೇಲೆ ದವಾಖಾನೆಗೆ ಒಯ್ದಿದ್ದಾರೆ ಅನ್ನಬೇಕು, ಆಮೇಲೆ ಸೀರಿಯಸ್ ಅನ್ನಬೇಕು, ಉಳಿದದ್ದನ್ನು ಕೇಳುವವರೇ ತಿಳಿದುಕೊಳ್ಳಬೇಕು. ಶಂಭುಲಿಂಗ ಅದೇ ಮೆಟ್ಟಿಲು ಹಿಡಿದ.

“ನಿಮ್ಮ ತಾಯಿಗೆ ಒಂದೀಟು ಆರಾಮಿಲ್ಲಂತವ್ವ.”

ಫರ್ಹತಳ ಕೈ ನಿಂತಿತು. ಅವನ ಮುಖವನ್ನು ರೋಗಿಯನ್ನು ನೋಡುವ ಹಾಗೆ ನೋಡಿದಳು.

“ಇದ ಮಾತನ್ನ ನಾನೂ ಪೇಷಂಟ್ ಮನಿ ಮಂದಿಗೆ ಹೇಳೇನ್ರಿ. ಸೀದಾ ಹೇಳ್ರಿ. ಅದಾಳೋ ಇಲ್ಲೋ?”

“ಇಲ್ಲವ್ವ.”

ಅವಳು ಅಳುತ್ತಾಳೆ, ಕೂಗುತ್ತಾಳೆ, ತಾನು ತಲೆ ಮುಟ್ಟಿ ಸಮಾಧಾನ ಹೇಳಬೇಕಾಗುತ್ತದೆ ಎಂದುಕೊಂಡಿದ್ದ. ಅವಳು ಅಳಲಿಲ್ಲ.

“ಯಾವಾಗ?”

ಇಲ್ಲಿ ಅವನು ನಿನ್ನೆ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಾಯಿಂದ ಬಂದದ್ದು, “ನಾವು ಬೋಟಿನ್ಯಾಗ ಹೋದ ದಿನ, ನಸುಕಿನ್ಯಾಗ.”

ಫರ್ಹತ ಆ ದಿನವನ್ನು ಹುಡುಕುತ್ತ ಹಿಂದೆ ಹಿಂದೆ ಹೋದಳು. ಅದು ಎಷ್ಟು ದೂರವಿದೆಯೆಂದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಹಂಗಾರ ಅಷ್ಟೂ ದಿನ ಸಂಜೀಕ ನಾ ಅಕಿ ಬಗ್ಗೆ ಹೇಳಾಕತ್ತಿದ್ದೆ. ಮಂದಿ ನಗಾಕತ್ತಿದ್ರು. ನೀವು ಅಲ್ಲೇ ಕುಂತಿದ್ರಿ.”

“ನಿಮ್ಮ ಅಣ್ಣನ ಮಾತವ್ವ. ನಿಂಗ ತ್ರಾಸ ಆಗಬಾರದಂತ…”

“ಮಣ್ಣು ಯಾವಾಗ ಕೊಟ್ರು?”

“ಅವತ್ತ. ಮಧ್ಯಾಹ್ನದ ನಮಾಜ್ ಆದಮ್ಯಾಲ.”

“ಅಂದ್ರ ಇಲ್ಲಿ ಮುಂಜಾನಿ,” ಎಂದಳು. “ಅಂದ್ರ ಬೋಟಿನ್ಯಾಗ ಇದ್ವಿ.” ಜೋಡಿಸಿದ ಸಾಮಾನನ್ನು ಬದಿಗೆ ಸರಿಸಿದಳು. “ಚನ್ನೇಶಣ್ಣನ ಟೊಪಗಿ ಹಾರಿ ನೀರಾಗ ಬಿತ್ತು. ನಾ ನಕ್ಕೊಂತ ನಿಂತಿದ್ದೆ. ನೀವು ಫೋಟೋ ಹೊಡದ್ರಿ.”

ಶಂಭುಲಿಂಗ ಹೌದೆಂದು ತಲೆ ಅಲ್ಲಾಡಿಸಿದ.

“ಅದನ್ನ ಯಾರಿಗರ ಕಳಿಸೀರೇನು?”

“ಮಜೀದಗ ಕಳಿಸಿದೆ. ನೀ ಹೆಂಗ ಅದಿ ಅಂತ ಕೇಳಿದ್ದ. ಖುಷೀಲೆ ಅದಾಳ ಅಂತ ತಿಳೀಲಿ ಅಂತ…”

“ಅವಾಗ? ಅಮ್ಮಿ ಮಯ್ಯತ್ ಇನ್ನ ಮನ್ಯಾಗ ಇರುವಾಗ?”

“ಹೂಂ.”

“ಅವ ಏನಂದ?”

ಮಜೀದ ಬರೆದು ಕಳಿಸಿರಲಿಲ್ಲ, ದನಿ ಮುದ್ರಿಸಿ ಕಳಿಸಿದ್ದ. ಶಂಭುಲಿಂಗ ಫೋನು ತೆಗೆದು, ಆ ಜಾಗ ಹುಡುಕಿ, ಅವಳ ಕೈಗೆ ಕೊಟ್ಟ. ಅವಳು ಒತ್ತಿದಳು.

“ಫೋಟೋ ಬಂತ್ರಿ ವಕೀಲ್ರ. ಅಬ್ಬಾಗ ತೋರಿಸಿದೆ, ಎಲ್ಲಾರಿಗೂ ತೋರಿಸಿದೆ. ಖುಷಿ ಅದಾಳ, ಹಂಗ ಇರ್ಲಿ ಬಿಡ್ರಿ ಅಂದ್ರು. ನಿಮ್ಮ ಉಪಕಾರ ಮರಿಯೂದಿಲ್ಲ.”

ಶಂಭುಲಿಂಗ ಅವತ್ತು ಕೇಳಿದ್ದು ಆ ಉಪಕಾರದ ಮಾತನ್ನಷ್ಟೇ. ಈಗ ಅವಳ ಪಕ್ಕದಲ್ಲಿ ಕೂತು ಕೇಳಿದಾಗ ಮಜೀದನ ದನಿಯ ಹಿಂದೆ ಮನೆ ತುಂಬ ಹೆಂಗಸರು ಅಳುತ್ತಿರುವುದು ಅವನ ಕಿವಿಗೆ ಬಿತ್ತು. ಯಾಕೆ ಆಗ ಕೇಳಿಸಲಿಲ್ಲವೋ ಅವನಿಗೆ ತಿಳಿಯಲಿಲ್ಲ. ಈ ಹುಡುಗಿಗೆ ತಾನು ಮಾಡಿದ್ದು ಎಂಥದೆಂಬುದು ಮೊದಲ ಸಲ ಎದೆಗೆ ತಾಗಿ, ಅವನು ಕಣ್ಣು ಕೆಳಗೆ ಹಾಕಿದ.

“ಅವರೆಲ್ಲಾ ಅತ್ತು ಮುಗಿಸ್ಯಾರ್ರಿ,” ಎಂದಳು ಫರ್ಹತ. “ಮೂರನೇ ದಿನದ ಜಿಯಾರತ ಸೈತ ಮುಗದಿರ್ತೈತಿ. ನಾ ಹೋಗೂದ್ರಾಗ ಅವರೆಲ್ಲಾ ಅಡಗಿ ಮಾಡಿಕೊಂಡು, ಎಲಿ ಎಣಿಸ್ಕೊಂಡು ಕುಂತಿರ್ತಾರ. ನನ್ನ ಜೋಡಿ ಅಳಾವರು ಯಾರೂ ಉಳಿದಿರೂದಿಲ್ಲ.”

ಅವಳು ಫೋನನ್ನು ಕಿವಿಗೆ ಅಮರಿಸಿಕೊಂಡು ಮತ್ತೆ ಹಚ್ಚಿದಳು. ಈ ಸಲ ಅಣ್ಣನ ಮಾತನ್ನು ಬಿಟ್ಟು ಅವನ ಹಿಂದಿನದನ್ನು ಕೇಳುತ್ತಿದ್ದಳು.

“ಇದು ಮುಮ್ತಾಜಬೇಗಂ ಖಾಲಾ, ಅಮ್ಮಿ ತಂಗಿ,” ಎಂದಳು. ಮತ್ತೆ ಹಚ್ಚಿದಳು. “ಇದು ಬಾಜೂ ಮನಿ ಜನ್ನತಬಿ. ಅಕಿ ಹಿಂಗ ಅಳಾಕಿ.” ಮತ್ತೆ ಹಚ್ಚಿ, ಹುಬ್ಬು ಗಂಟಿಕ್ಕಿ ಆಲಿಸಿದಳು. “ಇನ್ನೊಬ್ಬಾಕಿ ಯಾರೋ ಅದಾಳ, ಗೊತ್ತಾಗವಲ್ದು. ಯಾರ್ರಿ ಇಕಿ?”

ಅವಳು ನಿಜವಾಗಿ ಕೇಳಿದ್ದಳು, ಅವನ ಮುಖ ನೋಡಿ ಉತ್ತರಕ್ಕೆ ಕಾದಳು. ಶಂಭುಲಿಂಗ ತನಗೆ ಗೊತ್ತಿಲ್ಲವೆಂದ.

ದೂರದಲ್ಲಿ ನೀಲಾಂಬಿಕಾ ಬಂದು ನಿಂತಿದ್ದಳು, ಹತ್ತಿರ ಬರಲಿಲ್ಲ. ಫರ್ಹತ ಮತ್ತೊಮ್ಮೆ ಹಚ್ಚಿದಳು. ಫೋಟೋ ಬಂತ್ರಿ ವಕೀಲ್ರ, ಎಂದು ಮಜೀದ ಶುರು ಮಾಡುತ್ತಲೇ ಆ ಹೆಂಗಸರ ಜೊತೆ ಅವಳೂ ದನಿ ತೆಗೆದು ಅಳತೊಡಗಿದಳು. ಅವನ ಮಾತು ಮುಗಿದು ಫೋನು ಸುಮ್ಮನಾಯಿತು. ಅವಳು ಹೆಬ್ಬೆರಳಿನಿಂದ ಗಾಜನ್ನು ಒರೆಸಿ ಮತ್ತೆ ಒತ್ತಿದಳು.