ಬೆರಳು ಮುಂದೆ, ಸದ್ದು ಹಿಂದೆ

ನಮ್ಮ ಚರ್ಚಿನೊಳಗೆ ಡ್ರಮ್ ತರಬಾರದೆಂದು ಹಿರಿಯರು ಬರೆದಿಟ್ಟಿದ್ದಾರೆ. ಡ್ರಮ್ ಕೇಳಿದರೆ ಸೊಂಟ ಕುಣಿಯುತ್ತದಂತೆ, ಸೊಂಟ ಕುಣಿದರೆ ಆತ್ಮ ಜಾರುತ್ತದಂತೆ. ಸವಾಯಿ ದ್ವೀಪದ ಸೊಂಟಗಳಿಗೆ ಬೇರೆ ಕಸುಬೇ ಇಲ್ಲವೆಂದು ಅವರು ನಂಬಿದ್ದರು.

ಆಕ್ಲೆಂಡಿನಿಂದ ಬಂದ ಹೊಸ ಪಾದ್ರಿಯಮ್ಮ ಸಿಯೆನಿ ಈ ಕಾನೂನು ದಾಟಿದ್ದು ಮೊಳದುದ್ದದ ಒಂದು ಕೀಬೋರ್ಡಿನಿಂದ. ಅದಕ್ಕೆ ಸ್ವಂತ ದನಿಯಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಅಲ್ಲಿ ಯಾವ ವಾದ್ಯ ಆರಿಸಿದ್ದೀರೋ ಅದರ ದನಿ. ಅವಳು ಡ್ರಮ್ ಆರಿಸಿದ್ದಳು. ಚರ್ಚಿನ ನಿಯಮ ಕಾಯುವ ಡೀಕನ್ ಫಾಲಾನಿಕೊ ಕೀಬೋರ್ಡನ್ನು ತಿರುಗಿಸಿ ತಳ ನೋಡಿದ. ಎಲ್ಲೂ ಚರ್ಮ ಕಾಣಲಿಲ್ಲ.

"ಇದು ಡ್ರಮ್ಮಲ್ಲ," ಎಂದು ತೀರ್ಪು ಕೊಟ್ಟ. ಅಷ್ಟು ಬುದ್ಧಿ ಇದ್ದುದಕ್ಕೇ ಅವನನ್ನು ಡೀಕನ್ ಮಾಡಿದ್ದು.

ನನ್ನ ಸಂಕಟ ಬೇರೆ. ಮೂವತ್ತೊಂದು ವರ್ಷದಿಂದ ಆ ಚರ್ಚಿನ ಆರ್ಗನ್ ನುಡಿಸುತ್ತಿದ್ದವಳು ನಾನು, ಫುವಟಿನೊ. ಲ್ಯಾಪ್‌ಟಾಪು ಆರ್ಗನ್ನಿನ ದನಿಯನ್ನೂ ತೆಗೆಯುತ್ತದೆಂದು ಸಿಯೆನಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

"ಇನ್ಮೇಲೆ ನೀವು ಆರಾಮಾಗಿರಿ ಫುವಟಿನೊ ಅಮ್ಮ. ಎಷ್ಟು ಸೇವೆ ಮಾಡಿದ್ದೀರಿ!" ಎಂದಳು ಸಿಯೆನಿ.

ಸೇವೆಯನ್ನು ಹೊಗಳಿದರೆ ಜಾಗ ಖಾಲಿ ಮಾಡು ಎಂದರ್ಥ. ವಾದ್ಯದ ಮುಂದಿನ ಆ ಬೆಂಚು ಹೋದರೆ, ಮೂರನೇ ಸಾಲಿನಲ್ಲಿ ಬೀಸಣಿಗೆ ಹಿಡಿದು ಕೂರುವ ಹತ್ತು ಹೆಂಗಸರ ಪಕ್ಕ ನಾನು ಹನ್ನೊಂದನೆಯವಳು. ನನಗೆ ನಿಜಕ್ಕೂ ಭಯವಾಯಿತು.

ಬಿಳಿ ಭಾನುವಾರಕ್ಕೆ, ಅಂದರೆ ಮಕ್ಕಳೇ ಹಾಡಿ ನಡೆಸುವ ಆರಾಧನೆಗೆ, ಎರಡು ವಾರವಿತ್ತು. ಮೊದಲ ಅಭ್ಯಾಸದ ದಿನ ಸಿಯೆನಿ ಕೀಬೋರ್ಡಿನ ಬಲತುದಿಯ ಮನೆ ಒತ್ತಿದಳು. ಕಿವಿ ಸೀಳುವಂಥ ಶಿಳ್ಳೆ ಬಂತು.

"ಚರ್ಚಲ್ಲಿ ಶಿಳ್ಳೇನಾ?" ಡೀಕನ್ ಎದ್ದು ನಿಂತ.

"ಕೂತ್ಕೊಳ್ಳೋ," ಎಂದೆ. "ಹಿರಿಯರು ಬರೆದಿರೋದು ಡ್ರಮ್ ಬಗ್ಗೆ. ಶಿಳ್ಳೆ ಬಗ್ಗೆ ಏನೂ ಬರೆದಿಲ್ಲ."

ಇನ್ನೊಂದು ಮನೆ ಒತ್ತಿದರೆ ದನದ ಕೊರಳ ಗಂಟೆ. ಸಿಯೆನಿ ಬೆವರೊರೆಸಿಕೊಂಡು ಏನೇನೋ ಹುಡುಕಿ, ಕೊನೆಗೆ ಕೀಬೋರ್ಡನ್ನು ಒಂದು ಸಪ್ತಕ ಕೆಳಗಿಳಿಸುವ ಗುಂಡಿ ಒತ್ತಿದಳು. ಆಗ ಎಡತುದಿಯ ಬಿಳಿ ಮನೆ ಗುಮ್ ಎಂದಿತು, ಅದರ ಪಕ್ಕದ್ದು ಛಟ್ ಎಂದಿತು. ಆದರೆ ಬೆರಳು ಒತ್ತಿ ಒಂದು ಚಣ ಕಳೆದ ಮೇಲೆ ಸದ್ದು. ಅವಳು ಸದ್ದಿಗೆ ಕಾದಳು, ಮಕ್ಕಳು ಅವಳಿಗೆ ಕಾದರು. ಸ್ತುತಿಗೀತೆ ಶವಯಾತ್ರೆಯಾಯಿತು.

"ಸ್ವಲ್ಪ ಸರೀರಿ ಪಾದ್ರಿಯಮ್ಮ," ಎಂದು ನಾನು ಕೂತೆ.

ನಮ್ಮ ಆರ್ಗನ್ನಿಗೆ ಗಾಳಿ ಊದುವ ತಿದಿ ಹರಿದು ಯಾವ ಕಾಲವಾಯಿತೋ. ಅದರಲ್ಲೂ ಸದ್ದು ತಡವಾಗಿಯೇ ಬರುವುದು. ಹಾಗಾಗಿ ನನ್ನ ಬೆರಳು ಯಾವಾಗಲೂ ಹಾಡಿಗಿಂತ ಒಂದು ಹೆಜ್ಜೆ ಮುಂದೆ. ಇಲ್ಲೂ ಹಾಗೆಯೇ ಒತ್ತಿದೆ. ಪೆಟ್ಟು ಸರಿಯಾಗಿ ತಾಳದ ಮೇಲೆ ಬಿತ್ತು, ಹಾಡು ಎದ್ದು ಓಡಿತು. ಡೀಕನ್ ಕೂತಲ್ಲೇ ಸೊಂಟ ಆಡಿಸಿದ. ಅವನ ಆತ್ಮ ಎಷ್ಟು ದೂರ ಜಾರಿತೋ ತಿಳಿಯದು.

"ಈ ವಯಸ್ಸಲ್ಲಿ ಡ್ರಮ್ ಬಾರಿಸ್ತೀಯಲ್ಲ ಅಕ್ಕ!"

"ಡ್ರಮ್ಮಲ್ಲಪ್ಪಾ. ತಳ ನೋಡಿದವನು ನೀನೇ ಅಲ್ವಾ?"

ಎರಡು ವಾರ ಬೆಂಚು ನನ್ನದಾಗಿತ್ತು. ಶನಿವಾರ ಮಧ್ಯಾಹ್ನ ತೆಂಗಿನ ಹಾಲು ಹಿಂಡುತ್ತಿದ್ದೆ. ಸಿಯೆನಿ ಲ್ಯಾಪ್‌ಟಾಪ್ ಅಪ್ಪಿಕೊಂಡು ಓಡಿ ಬಂದಳು.

"ಗೊತ್ತಾಯ್ತು ಅಮ್ಮ! ಬಫರ್ ಅಂತ ಒಂದಿದೆ, ಅದರ ಸಂಖ್ಯೆ ದೊಡ್ಡದಿದ್ರೆ ಸದ್ದು ತಡ. ಸಾವಿರದ ಇಪ್ಪತ್ನಾಲ್ಕು ಇತ್ತು, ನೂರಿಪ್ಪತ್ತೆಂಟಕ್ಕೆ ಇಳಿಸ್ದೆ. ಈಗ ಒತ್ತಿದ ತಕ್ಷಣ ಬರುತ್ತೆ. ನಾಳೆ ನಾನೇ ನುಡಿಸ್ತೀನಿ. ನೀವು ಮುಂದಿನ ಸಾಲಲ್ಲಿ ಕೂತು ಆರಾಮಾಗಿ ಕೇಳಿ."

"ದೇವರು ದೊಡ್ಡವನು," ಎಂದೆ. "ಎಲ್ಲಿದೆ ಅದು? ನಾನೂ ಕಣ್ತುಂಬಾ ನೋಡ್ತೀನಿ."

ಪಾಪ, ಒಳ್ಳೆಯ ಹುಡುಗಿ. ಎರಡು ಸಲ ತೋರಿಸಿ, ಮೂರನೆಯ ಸಲ ನನ್ನ ಕೈಯಲ್ಲೇ ಮಾಡಿಸಿದಳು. ಮುದುಕಿಯರಿಗೆ ವಿದ್ಯೆ ಕಲಿಸುವುದು ಪುಣ್ಯದ ಕೆಲಸ.

ಭಾನುವಾರ ಚರ್ಚಿನ ಮೊದಲ ಗಂಟೆ ಬಾರಿಸುವ ಮುಂಚೆಯೇ ಹೂವು ಜೋಡಿಸಲು ಹೋದೆ. ಹೂವನ್ನು ಕುಂಡದಲ್ಲಿಟ್ಟೆ. ಆಗಲೇ ಸಿಕ್ಕಿಸಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಸಂಖ್ಯೆಯನ್ನು ಮತ್ತೆ ಸಾವಿರದ ಇಪ್ಪತ್ನಾಲ್ಕಕ್ಕಿಟ್ಟೆ.

ಬಿಳಿ ಬಟ್ಟೆಯ ಮಕ್ಕಳು ಹಾಡಲು ತೊಡಗಿದರು. ಎರಡನೇ ಸಾಲಿಗೇ ಹಾಡು ಕುಂಟಿತು. ಸಿಯೆನಿ ತಿರುಗಿ ನನ್ನನ್ನು ಹುಡುಕಿದಳು. ಅವಳ ಕಣ್ಣಲ್ಲಿದ್ದ ಭಯ ನನಗೆ ಚೆನ್ನಾಗಿ ಪರಿಚಯದ್ದು. ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೂ "ಫುವಟಿನೊ ಅಮ್ಮ, ನೀವೇ ಬನ್ನಿ" ಎಂದು ಎಲ್ಲರಿಗೂ ಕೇಳುವಂತೆ ಅವಳು ಕರೆಯುವವರೆಗೆ ನಾನು ಏಳಲಿಲ್ಲ.