ಫುಟ್‌ಬೋರ್ಡಿನ ಮೇಲೊಂದು ಕಾಲು

ಬೆಳಗಿನ ತಿಪಟೂರು ಬಸ್ಸು ಎಲ್ಲಿದೆಯೆಂದು ಫೋನಿನಲ್ಲೇ ತೋರಿಸುವ ಆ್ಯಪ್ ಮಾಡಿದವಳು ನಾನೇ. ಅದಕ್ಕಾಗಿ ಕಂಡಕ್ಟರನ್ನು ವಾರಗಟ್ಟಲೆ ಕಾಡಿ, ಅವರ ಫೋನಿಗೂ ಹಾಕಿಸಿದ್ದೆ. ರಸ್ತೆ ನೋಡುತ್ತಾ ಅರ್ಧ ಗಂಟೆ ಕಂಬದಂತೆ ನಿಲ್ಲುವುದು ನನ್ನಿಂದಾಗದು. ನಮ್ಮೂರಿನ ಕಾಲೇಜು ಹುಡುಗರೆಲ್ಲ ಹಾಕಿಕೊಂಡರು. ಕೊಬ್ಬರಿ ಮಂಡಿಗೆ ಕೆಲಸಕ್ಕೆ ಹೋಗುವ ಬೋರಯ್ಯನವರಿಗೂ ನಾನೇ ಹಾಕಿಕೊಟ್ಟೆ.

ಸೋಮವಾರ ಆ್ಯಪ್ 'ಎರಡು ನಿಮಿಷ' ಎಂದಿತು. ಹದಿನಾಲ್ಕು ಜನ ತೋಟದ ಮನೆಗಳಿಂದ ಓಡಿದೆವು. ಸರಿಯಾಗಿ ಎರಡೇ ನಿಮಿಷಕ್ಕೆ ಬಂದ ಬಸ್ಸು, ಸ್ಟಾಪಿನಲ್ಲಿ ನರಪಿಳ್ಳೆಯೂ ಇಲ್ಲದ್ದನ್ನು ಕಂಡು, ನಮ್ಮ ಕಣ್ಣೆದುರೇ ಹೊರಟುಹೋಯಿತು.

ನಾನು ಬೋರಯ್ಯನವರ ಮೇಲೆ ರೇಗಿದೆ. "ದಿನಾ ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟು, 'ತಡೀರಿ, ಉಡುಗ್ರು ಬತ್ತಾವ್ರೆ' ಅಂತ ಬಸ್ ನಿಲ್ಲಿಸ್ಕೋತಿದ್ರಲ್ಲ, ಇವತ್ತೇನಾಯ್ತು?"

"ಇನ್ಮೇಲೆ ಸುಮ್ನೆ ಬಂದು ನಿಲ್ಬ್ಯಾಡಿ ಅಂದೋಳು ನೀನೇ ಕಣವ್ವ ನಯನ," ಎಂದರು ಏದುಸಿರು ಬಿಡುತ್ತಾ.

ಸಂಜೆ ಆ್ಯಪಿಗೆ ಒಂದು ಪ್ರಶ್ನೆ ಸೇರಿಸಿದೆ: 'ನಾಳೆ ಮೊದಲು ಬಂದು ನಿಲ್ಲುವವರು ಯಾರು?' ಉಳಿದ ಹದಿಮೂರು ಜನವೂ ಓದಿದರು. ಒಬ್ಬರೂ ಹೆಸರು ಹಾಕಲಿಲ್ಲ.

ಹಾಗಾಗಿ ಇವತ್ತು ಅರ್ಧ ಗಂಟೆ ಮೊದಲೇ ಬಂದು ಕಂಬದಂತೆ ನಿಂತೆ. ಈಗ ನನ್ನ ಒಂದು ಕಾಲು ಫುಟ್‌ಬೋರ್ಡಿನ ಮೇಲಿದೆ. ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ. "ತಡೀರಿ, ಬತ್ತಾವ್ರೆ!" ಎಂದು ಕೂಗಿ ನನ್ನ ಗಂಟಲು ಕಟ್ಟಿದೆ. ತೋಟದ ದಾರಿಯಲ್ಲಿ, ಎಲ್ಲರಿಗಿಂತ ಹಿಂದೆ, ಬೋರಯ್ಯನವರು ಫೋನ್ ನೋಡಿಕೊಂಡು ನಿಧಾನಕ್ಕೆ ಬರುತ್ತಿದ್ದಾರೆ.