ಎಷ್ಟು ಸುತ್ತು ಅಂತ ಹೇಳಿ ಸಾಕು

ಪಂಪ್‌ಹೌಸಿನ ವಾಲ್ವ್ ನೋಡಿಕೊಂಡು, ಹನ್ನೊಂದಕ್ಕೆಲ್ಲ ಮನೆಗೆ ಹೋಗಿ ಬಟ್ಟೆರಾಶಿಗೊಂದು ಗತಿ ಕಾಣಿಸೋಣ ಅಂತಿದ್ದೆ. ಆರು ತಿಂಗಳಿಗೊಮ್ಮೆ ರಿಲೀಫ್ ವಾಲ್ವ್ ತಪಾಸಣೆ ಮಾಡಿ ತಗಡಿನ ಚೀಟಿಗೆ ಸಹಿ ಹಾಕುವುದು ನನ್ನ ಕೆಲಸ.

ವಾಲ್ವ್ ಸರಳ ಸಾಮಾನು. ಒಂದು ಮುಚ್ಚಳ, ಅದನ್ನು ಅದುಮಿ ಹಿಡಿದ ಸ್ಪ್ರಿಂಗು, ಸ್ಪ್ರಿಂಗು ಬಿಗಿ ಮಾಡುವ ತಿರುಪು. ಪಂಪು ಏಕಾಏಕಿ ನಿಂತರೆ ದಿಬ್ಬ ಹತ್ತುತ್ತಿದ್ದ ನೀರು ಗಕ್ಕನೆ ಹಿಂದೆ ಬಂದು ಪೈಪಿಗೆ ಗುದ್ದುತ್ತದೆ. ಆಗ ಮುಚ್ಚಳ ಎದ್ದು ಒಂದಷ್ಟು ನೀರನ್ನು ಗುಂಡಿಗೆ ಉಗುಳಿದರೆ ಪೈಪು ಬದುಕಿಕೊಳ್ಳುತ್ತದೆ. ಸ್ಪ್ರಿಂಗು ಅತಿ ಬಿಗಿಯಾಗಿ ಮುಚ್ಚಳ ಏಳದಿದ್ದರೆ, ಬೇಕರಿಯ ಮೆಟ್ಟಿಲ ಕೆಳಗಿರುವ ಹಳೇ ಜಾಯಿಂಟು ಮೊದಲು ಬಾಯಿ ಬಿಡುತ್ತದೆ. ಆಮೇಲೆ ಮೂರು ದಿನ ಊರಿಗೆ ನೀರಿಲ್ಲ. ಚೀಟಿಯಲ್ಲಿರುವುದು ನನ್ನ ಹೆಸರು.

ತಿರುಪಿನ ಮೇಲಿನ ಸೀಸದ ಮುದ್ರೆ ಮುರಿದಿತ್ತು, ಅಂದರೆ ಯಾರೋ ತಿರುಗಿಸಿದ್ದಾರೆ. ಅದೇ ಹೊತ್ತಿಗೆ ವಿದ್ಯುತ್ ಆಫೀಸಿನಿಂದ ಫೋನು: ಹನ್ನೊಂದಕ್ಕೆ ಲೈನ್ ತೆಗೆಯುತ್ತೇವೆ. ಎಷ್ಟು ಬೇಡಿಕೊಂಡರೂ ಹುಡುಗರು ಕಂಬ ಹತ್ತಿಯಾಗಿದೆ ಅಂದರು. ಪಂಪನ್ನು ಮೆಲ್ಲಗೆ ನಿಲ್ಲಿಸಬೇಕೆಂದರೆ ದೊಡ್ಡ ಗೇಟನ್ನು ಕೈಯಲ್ಲಿ ತಿರುಗಿಸುತ್ತಾ ಮುಚ್ಚಬೇಕು, ಅದಕ್ಕೆ ಮುಕ್ಕಾಲು ಗಂಟೆ. ನಮಗಿದ್ದದ್ದು ಇಪ್ಪತ್ತು ನಿಮಿಷ.

ತಿರುಪು ಎಷ್ಟು ಹೊರಗಿತ್ತೆಂದು ಕಳೆದ ಸಲವೇ ಅಳೆದು ಬರೆದಿಡಬೇಕಿತ್ತು. ಅವತ್ತು ಮಗಳಿಗೆ ಜ್ವರ, ಶಾಲೆಯಿಂದ ಕರೆ ಬಂತು, ಓಡಿದೆ. ಈಗ ತಿರುಗಿಸಿದವರೇ ಎಷ್ಟು ಅಂತ ಬಾಯಿಬಿಟ್ಟರೆ ಮಾತ್ರ ದಾರಿ.

ಸಂಬಳದ ಚೀಟಿಗೆಂದು ಮೂರೂ ಪಾಳಿಯವರು ಅಲ್ಲೇ ಇದ್ದರು. ರಾತ್ರಿ ಪಾಳಿಯ ನಿದ್ದೆಣ್ಣ. ಅತ್ತೆಯ ಫೋನಿಲ್ಲದೆ ಒಂದು ಗಂಟೆ ಕಳೆಯದ, ಎಲ್ಲರೂ ಅಳಿಯ ಅಂತಲೇ ಕರೆಯುವ ಹುಡುಗ. ಗೋಡೆಗೆ ‘ವಾಲ್ವ್ ಮುಟ್ಟಿದವರ ಕೈ ಮುರಿಯಲಾಗುವುದು’ ಅಂತ ಬರೆಸಿದ, ಬುದ್ಧಿ ಹೇಳುವ ಚಾಳಿಗೆ ಮೇಷ್ಟ್ರು ಅನ್ನಿಸಿಕೊಂಡ ಹಿರಿಯ ಪಂಪು ಆಪರೇಟರು. ಯಾರು ತಿರುಗಿಸಿದ್ದು ಅಂದೆ. ಮೂವರೂ ಚಪ್ಪಲಿ ನೋಡಿಕೊಂಡರು.

“ಬೈಯಲ್ಲ. ಎಷ್ಟು ಸುತ್ತು ಅಂತ ಹೇಳಿ ಸಾಕು.”

ನಿದ್ದೆಣ್ಣ ಕೆಮ್ಮಿದ. ಬೆಂಚಿನ ಮೇಲೆ ಮಲಗಿದರೆ ವಾಲ್ವಿನಿಂದ ಮುಖಕ್ಕೆ ಹನಿ ಬೀಳುತ್ತಿತ್ತಂತೆ, ಅರ್ಧ ಸುತ್ತು ಕೊಟ್ಟನಂತೆ. ಅಳಿಯ ಬೆರಗಾದ. ತಾನೊಬ್ಬನೇ ಅಂದುಕೊಂಡಿದ್ದನಂತೆ! ಅವನದೂ ಅರ್ಧ.

ಹನಿಗೆ ಕಾರಣ ಸ್ಪ್ರಿಂಗಲ್ಲ, ಮುಚ್ಚಳದ ಅಡಿ ಸಿಕ್ಕಿಕೊಂಡ ಒಂದು ಚಿಟಿಕೆ ಮರಳು. ನೆಗಡಿ ಬಂದ ಮೂಗಿಗೆ ಬಿರಡೆ ಹಾಕಿದ ಹಾಗಾಯಿತಲ್ಲ ಅಂತ ಗೊಣಗುತ್ತಾ ಒಂದು ಸುತ್ತು ಸಡಿಲಿಸಿದೆ. ಹನ್ನೊಂದಕ್ಕೆ ಐದು ನಿಮಿಷ. ತಿರುಪು ಅಲುಗದಂತೆ ಹಿಡಿಯುವ ಮೇಲಿನ ನಟ್ಟು ಬಿಗಿಯುತ್ತಿದ್ದೆ. ಮೇಷ್ಟ್ರು ಗೋಡೆಯ ಬರಹಕ್ಕೆ ಬೆನ್ನು ಕೊಟ್ಟು ನಿಂತಿದ್ದರು, ಕಿವಿ ಕೆಂಪಗಾಗಿತ್ತು.

“ಇನ್ನೊಂದು ಸುತ್ತಿದೆ ಕಣಮ್ಮಾ,” ಅಂದರು.

“ನಿಮ್ದಾ?”

“ಇಡೀದು. ಅರ್ಧಕ್ಕೆಲ್ಲ ನಾನು ನಿಲ್ಲಿಸೋನಲ್ಲ.”

ಅಳಿಯ ನಗಲು ಬಾಯಿ ತೆರೆದವನು ನಿದ್ದೆಣ್ಣನ ಮೊಣಕೈ ತಗುಲಿ ಮುಚ್ಚಿದ. ಮೂವತ್ತು ವರ್ಷ ಇಬ್ಬರಿಗೂ ಬುದ್ಧಿ ಹೇಳಿದ ಮನುಷ್ಯ ಅದನ್ನು ಅವರೆದುರಿಗೇ ಹೇಳಿದ್ದ. ನಟ್ಟು ಮತ್ತೆ ಬಿಚ್ಚಿ ಇನ್ನೊಂದು ಸುತ್ತು ತೆಗೆದೆ. ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೇ ಸಲ ಮೇಷ್ಟ್ರೇ ನನ್ನ ಕೈಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

ಹನ್ನೊಂದಕ್ಕೆ ಕರೆಂಟು ಹೋಯಿತು, ಪಂಪು ಒಮ್ಮೆ ನರಳಿ ನಿಂತಿತು. ನಾಲ್ಕು ಎಣಿಸುವಷ್ಟರಲ್ಲಿ ಗೇಜಿನ ಮುಳ್ಳು ಕೆಂಪು ಗೆರೆಗೆ ನೆಗೆಯಿತು. ವಾಲ್ವ್ ಗುಡುಗಿ ಗುಂಡಿಗೆ ನೀರು ಸುರಿಯಿತು, ನಮ್ಮ ಸೊಂಟದವರೆಗೂ ಎರಚಿತು. ಮುಳ್ಳು ತಡವರಿಸಿ ಕೆಳಗಿಳಿಯಿತು. ಮುಚ್ಚಳ ಕೂತುಕೊಂಡಿತು. ಹನಿಯೂ ಇಲ್ಲ, ಮರಳು ಕೂಡ ಆ ನೀರಿನ ಜೊತೆ ಹೋಗಿತ್ತು.

ಬೇಕರಿಗೆ ಫೋನು ಮಾಡಿ ಮೆಟ್ಟಿಲ ಹತ್ತಿರ ಒದ್ದೆ ಇದೆಯಾ ಅಂದೆ. ಬೇಕರಿಯವ ಹೊರಗೆ ಹೋಗಿ ನೋಡಿ ಬಂದ.

“ಧೂಳಿದೆ. ಗುಡಿಸಬೇಕು. ಯಾಕ್ರೀ?”

ಏನಿಲ್ಲ ಅಂತ ಫೋನಿಟ್ಟೆ. ಮೇಷ್ಟ್ರು ನೆಲದ ಮೇಲೆ ಕೂತೇಬಿಟ್ಟರು, ಒದ್ದೆಯಲ್ಲೇ. ಪಕ್ಕದಲ್ಲಿ ನಾನೂ ಕೂತೆ.